ಪ್ಲಾಟಿನಂ ಫಲಕ ಸರಿ, ಒಳಗಿನ ಗಾಳಿ ಅಳೆದವರು ಯಾರು?

*ಹಸಿರು ಕಟ್ಟಡದ ಪ್ರಮಾಣಪತ್ರದಲ್ಲಿ ಗಾಳಿಯ ಪರೀಕ್ಷೆ ಕಡ್ಡಾಯವಲ್ಲ. ಮಾಡಿದರೂ ಒಂದೇ ಸಲ, ಅದೂ ಒಳಗೆ ಜನರೇ ಇಲ್ಲದಾಗ. ಫಲಿತಾಂಶ ಮಾತ್ರ ಅಲ್ಲಿ ದುಡಿಯೋರ ಕೈಗೆ ಸಿಗೋದಿಲ್ಲ.*

ಬೆಂಗಳೂರಿನ ಹೊರವರ್ತುಲ ರಸ್ತೆಯ ಯಾವುದಾದರೂ ದೊಡ್ಡ ಟೆಕ್ ಪಾರ್ಕ್ ಒಳಗೆ ಹೋಗಿ ನೋಡಿ. ಬ್ಯಾಗ್ ಸ್ಕ್ಯಾನ್ ಆಗುತ್ತೆ, ಐಡಿ ಕಾರ್ಡ್ ತೋರಿಸಿ ಒಳಗೆ ಬರ್ತೀರಿ. ಲಿಫ್ಟ್ ಪಕ್ಕದ ಗೋಡೆಯಲ್ಲಿ ಒಂದು ದುಂಡನೆಯ ಗಾಜಿನ ಫಲಕ ಕಾಣುತ್ತೆ. ಅದರ ಮೇಲೆ ಎಲೆಯ ಚಿತ್ರ, ‘ಗೋಲ್ಡ್’ ಅಥವಾ ‘ಪ್ಲಾಟಿನಂ’ ಅನ್ನೋ ಪದ, ಒಂದು ಇಸವಿ. ಇದು ಹಸಿರು ಕಟ್ಟಡ ಅಂತ ಅದರ ಅರ್ಥ.

ಅಲ್ಲಿಂದ ಏಳನೇ ಮಹಡಿಗೆ ಹೋಗಿ. ಹೊಸ ಕಾರ್ಪೆಟ್, ಹೊಸ ಮೇಜು, ಹೊಸ ಪಾಲಿಶ್. ಎಲ್ಲೂ ತೆರೆಯಲಾಗದ ಗಾಜಿನ ಗೋಡೆ. ಮಧ್ಯಾಹ್ನ ಮೂರರ ಮೀಟಿಂಗ್‌ಗೆ ಚಿಕ್ಕ ಕೋಣೆಯಲ್ಲಿ ಹತ್ತು ಜನ ಕೂತಿದ್ದಾರೆ. ಅರ್ಧ ಗಂಟೆ ಕಳೆಯೋದರೊಳಗೆ ತಲೆ ಭಾರ, ಕಣ್ಣುರಿ, ಆಕಳಿಕೆ. ಊಟ ಜಾಸ್ತಿ ಆಯ್ತು, ರಾತ್ರಿ ನಿದ್ದೆ ಸಾಲಲಿಲ್ಲ ಅಂತ ನಮ್ಮನ್ನ ನಾವೇ ಬೈದುಕೊಳ್ತೇವೆ. ಗಾಳಿಯ ಮೇಲೆ ಯಾರಿಗೂ ಅನುಮಾನ ಬರೋದಿಲ್ಲ. ಯಾಕಂದ್ರೆ ಕೆಳಗೆ ಫಲಕ ಇದೆಯಲ್ಲ.

ಆ ಫಲಕ ನಿಜವಾಗಿ ಏನನ್ನು ಖಾತ್ರಿಪಡಿಸುತ್ತೆ? ಈ ಪ್ರಶ್ನೆ ಕಟ್ಟಡದ ಮಾಲೀಕರು ಮತ್ತು ಸಲಹೆಗಾರರ ನಡುವೆ ಮುಗಿದುಹೋಗುವ ತಾಂತ್ರಿಕ ವಿಚಾರ ಅನ್ನಿಸಬಹುದು. ಆದರೆ ಒಬ್ಬ ಮನುಷ್ಯ ದಿನಕ್ಕೆ ಉಸಿರಾಡೋದು ಸುಮಾರು 10 ಸಾವಿರ ಲೀಟರ್ ಗಾಳಿ. ಎಚ್ಚರವಾಗಿರುವ ಹೊತ್ತಿನ ಅರ್ಧಕ್ಕಿಂತ ಹೆಚ್ಚು ಆಫೀಸಿನಲ್ಲೇ ಕಳೆಯೋರಿಗೆ ಅದರ ದೊಡ್ಡ ಪಾಲು ಅಲ್ಲಿಯದೇ. 2024ರ ಜುಲೈನಲ್ಲಿ ಐಟಿ ಉದ್ಯೋಗಿಗಳ ಕೆಲಸದ ಅವಧಿಯನ್ನು ದಿನಕ್ಕೆ 14 ಗಂಟೆಯವರೆಗೆ ಏರಿಸುವ ಪ್ರಸ್ತಾಪ ಬಂದಾಗ ಕರ್ನಾಟಕದ ಐಟಿ ನೌಕರರ ಸಂಘ ಬೀದಿಗಿಳಿಯಿತು. ಗಂಟೆಗಳ ಬಗ್ಗೆ ನಾವು ಜಗಳ ಆಡಿದ್ದೇವೆ. ಆ ಗಂಟೆಗಳಲ್ಲಿ ಉಸಿರಾಡುವ ಗಾಳಿಯ ಬಗ್ಗೆ ಇನ್ನೂ ಮಾತೇ ಶುರುವಾಗಿಲ್ಲ.

ಫಲಕ ಕೊಡೋರು ಯಾರು?

ಭಾರತದಲ್ಲಿ ಮೂರು ಹೆಸರುಗಳು ಹೆಚ್ಚು ಕೇಳಿಸುತ್ತವೆ. ಮೊದಲನೆಯದು ಲೀಡ್. ಅಮೆರಿಕದ ಹಸಿರು ಕಟ್ಟಡ ಮಂಡಳಿ ರೂಪಿಸಿದ ಅಂಕ ಪದ್ಧತಿ ಇದು. ಎರಡನೆಯದು ಐಜಿಬಿಸಿ, ಅಂದ್ರೆ ಭಾರತೀಯ ಹಸಿರು ಕಟ್ಟಡ ಮಂಡಳಿ. ಕೈಗಾರಿಕೋದ್ಯಮಿಗಳ ಒಕ್ಕೂಟವಾದ ಸಿಐಐ 2001ರಲ್ಲಿ ಹುಟ್ಟುಹಾಕಿದ್ದು. ಮೂರನೆಯದು ‘ಗೃಹ’. ಇದನ್ನು ಟೆರಿ ಸಂಸ್ಥೆ ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯದ ಜೊತೆ ಸೇರಿ ರೂಪಿಸಿತು. ಹೈದರಾಬಾದಿನಲ್ಲಿರುವ ಸಿಐಐ ಹಸಿರು ವ್ಯಾಪಾರ ಕೇಂದ್ರದ ಕಟ್ಟಡ 2003ರಲ್ಲೇ ಲೀಡ್ ಪ್ಲಾಟಿನಂ ಪಡೆಯಿತು. ಇವತ್ತು ಅಮೆರಿಕದ ಹೊರಗೆ ಅತಿ ಹೆಚ್ಚು ಲೀಡ್ ಕಟ್ಟಡಗಳಿರುವ ದೇಶಗಳ ಪಟ್ಟಿಯಲ್ಲಿ ಭಾರತ ವರ್ಷ ವರ್ಷವೂ ಮೇಲಿನ ಸ್ಥಾನದಲ್ಲೇ ಇರುತ್ತೆ. ಅದರಲ್ಲಿ ಬೆಂಗಳೂರಿನ ಪಾಲು ದೊಡ್ಡದು.

ಟೆಕ್ ಪಾರ್ಕ್‌ಗಳಲ್ಲಿ ಹೆಚ್ಚು ಕಾಣೋದು ಲೀಡ್ ಆದ್ದರಿಂದ ಅದನ್ನೇ ಉದಾಹರಣೆಯಾಗಿ ತಗೊಳ್ಳೋಣ. 2025ರಲ್ಲಿ ಅದರ ಐದನೇ ಆವೃತ್ತಿ ಬಂದಿದೆ. ಆದರೆ ಈಗ ಎದ್ದು ನಿಂತಿರುವ ಕಟ್ಟಡಗಳಿಗೆ ಫಲಕ ಸಿಕ್ಕಿರೋದು ಹಿಂದಿನ ಆವೃತ್ತಿಗಳ ನಿಯಮದಂತೆ.

ನಾಲ್ಕನೇ ಆವೃತ್ತಿಯಲ್ಲಿ ಒಟ್ಟು ಅಂಕ 110. 40 ಬಂದ್ರೆ ಪ್ರಮಾಣಪತ್ರ, 50 ಬಂದ್ರೆ ಸಿಲ್ವರ್, 60ಕ್ಕೆ ಗೋಲ್ಡ್, 80ಕ್ಕೆ ಪ್ಲಾಟಿನಂ. ಹೊಸ ಕಟ್ಟಡಗಳ ವಿಭಾಗದಲ್ಲಿ ವಿದ್ಯುತ್ ಮತ್ತು ಇಂಧನಕ್ಕೆ 33 ಅಂಕ. ಗಾಳಿ, ಬೆಳಕು, ಸದ್ದು, ಸೆಕೆ ಎಲ್ಲ ಸೇರಿದ ‘ಒಳಾಂಗಣ ಪರಿಸರ’ಕ್ಕೆ 16. ಈ ಹದಿನಾರರಲ್ಲಿ, ಕಟ್ಟಡ ಸಿದ್ಧವಾದ ಮೇಲೆ ಒಳಗಿನ ಗಾಳಿಯನ್ನು ನಿಜವಾಗಿ ಅಳೆದು ನೋಡೋದಕ್ಕೆ ಇರೋದು 2 ಅಂಕ.

ಎರಡು ಅಂಕ ಬಿಟ್ಟರೂ 108 ಉಳಿಯುತ್ತೆ. ಪ್ಲಾಟಿನಂಗೆ ಬೇಕಿರೋದು 80.

ಪರೀಕ್ಷೆ ನಡೆಯೋದು ಹೇಗೆ?

ಪರೀಕ್ಷೆಯೇ ಕಳಪೆ ಅಂತ ಹೇಳ್ತಿಲ್ಲ. ಸರಿಯಾಗಿ ಮಾಡಿದರೆ ಅದು ಗಟ್ಟಿಯಾದ ಪರೀಕ್ಷೆ. ಕಾಮಗಾರಿ ಮುಗಿದು, ಜನ ಒಳಗೆ ಬರುವ ಮೊದಲು, ಏಸಿಯನ್ನು ಮಾಮೂಲಿ ಕೆಲಸದ ದಿನದ ಹಾಗೆ ಓಡಿಸಿ, ಮನುಷ್ಯರು ಉಸಿರಾಡುವ ಎತ್ತರದಲ್ಲಿ, ಅಂದ್ರೆ ನೆಲದಿಂದ ಮೂರರಿಂದ ಆರು ಅಡಿ ಮೇಲೆ, ಮಾದರಿ ತೆಗೀಬೇಕು. ಫಾರ್ಮಾಲ್ಡಿಹೈಡ್ ಹಿಡಿಯೋಕೆ ರಾಸಾಯನಿಕ ಲೇಪಿಸಿದ ಚಿಕ್ಕ ಕೊಳವೆಯ ಮೂಲಕ ಪಂಪ್‌ನಿಂದ ಗಾಳಿ ಎಳೆದು, ಆ ಕೊಳವೆಯನ್ನು ಪ್ರಯೋಗಾಲಯಕ್ಕೆ ಕಳಿಸ್ತಾರೆ. ಬಣ್ಣ, ಅಂಟು, ಪಾಲಿಶ್‌ಗಳಿಂದ ಆವಿಯಾಗಿ ಬರುವ ರಾಸಾಯನಿಕಗಳನ್ನೂ (ಇವನ್ನು ಒಟ್ಟಾಗಿ ವಿಒಸಿ ಅಂತಾರೆ) ಹೀಗೇ ಹಿಡಿದು ಯಂತ್ರದಲ್ಲಿ ಬೇರ್ಪಡಿಸಿ ಲೆಕ್ಕ ಹಾಕ್ತಾರೆ. ದೂಳಿನ ಕಣ ಮತ್ತು ಕಾರ್ಬನ್ ಮೊನಾಕ್ಸೈಡನ್ನು ಸ್ಥಳದಲ್ಲೇ ಅಳೀತಾರೆ.

ಮಿತಿಗಳೂ ಕಟ್ಟುನಿಟ್ಟಾಗಿವೆ. ಫಾರ್ಮಾಲ್ಡಿಹೈಡ್ ಗಾಳಿಯ ನೂರು ಕೋಟಿ ಭಾಗದಲ್ಲಿ 27 ಭಾಗ ಮೀರಬಾರದು. ಒಟ್ಟು ವಿಒಸಿ ಘನ ಮೀಟರ್‌ಗೆ 500 ಮೈಕ್ರೋಗ್ರಾಂ, ಪಿಎಂ 10 ಕಣಗಳು 50 ಮೈಕ್ರೋಗ್ರಾಂ, ಹೊರಗಿನ ಗಾಳಿ ಕೆಟ್ಟಿರುವ ಊರುಗಳಲ್ಲಿ ಪಿಎಂ 2.5 ಕಣಗಳು 15 ಮೈಕ್ರೋಗ್ರಾಂ ದಾಟಬಾರದು.

ಈ ಅಂಕಿಗಳ ಹಿಂದೆ ಕಾರಣ ಇದೆ. ಪ್ಲೈವುಡ್, ಎಂಡಿಎಫ್, ಪಾರ್ಟಿಕಲ್ ಬೋರ್ಡ್‌ಗಳ ಪದರಗಳನ್ನು ಹಿಡಿದಿಡುವ ಅಂಟಿನಿಂದ ಫಾರ್ಮಾಲ್ಡಿಹೈಡ್ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಿಧಾನವಾಗಿ ಹೊರಬರ್ತಾ ಇರುತ್ತೆ. ಸೆಕೆ ಮತ್ತು ತೇವ ಜಾಸ್ತಿ ಇದ್ದಷ್ಟೂ ಅದು ಬರೋದೂ ಜಾಸ್ತಿ. ಇದು ಮನುಷ್ಯರಲ್ಲಿ ಕ್ಯಾನ್ಸರ್ ತರುವಂಥದ್ದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 2004ರಲ್ಲೇ ಮೊದಲ ಗುಂಪಿಗೆ ಸೇರಿಸಿತು. ಹೊಸ ಆಫೀಸು, ಹೊಸ ಫ್ಲ್ಯಾಟಿನಲ್ಲಿ ನಾವು ಮೂಗರಳಿಸಿ ಖುಷಿಪಡುವ ‘ಹೊಸ ವಾಸನೆ’ಯಲ್ಲಿ ಇಂಥ ಆವಿಗಳೇ ಇರೋದು.

ಅಂದರೆ ಏನನ್ನು ಅಳೆಯಬೇಕು, ಹೇಗೆ ಅಳೆಯಬೇಕು ಅನ್ನೋದು ಚೆನ್ನಾಗಿ ಗೊತ್ತಿರುವ ವಿಷಯ. ಯಾವಾಗ ಅಳೀತಾರೆ, ಎಲ್ಲಿ ಅಳೀತಾರೆ, ಯಾರಿಗೆ ತಿಳಿಸ್ತಾರೆ ಅನ್ನೋದರಲ್ಲಿ ತೂತುಗಳಿವೆ.

ತೂತು ಒಂದು: ಬೇಕಿದ್ದರೆ ಮಾಡಿ, ಇಲ್ಲದಿದ್ದರೆ ಬಿಡಿ

ಕನಿಷ್ಠ ಪ್ರಮಾಣದ ಹೊರಗಾಳಿ ಒಳಗೆ ಬರುವಂತೆ ವಿನ್ಯಾಸ ಮಾಡೋದು ಲೀಡ್‌ನಲ್ಲಿ ಕಡ್ಡಾಯ. ಸಿದ್ಧವಾದ ಮೇಲೆ ಗಾಳಿ ಹೇಗಿದೆ ಅಂತ ಪರೀಕ್ಷಿಸೋದು ಐಚ್ಛಿಕ. ಅದರಲ್ಲೂ ಎರಡು ದಾರಿ ಇದೆ. ಪರೀಕ್ಷೆ ಮಾಡಿ ಪಾಸಾದರೆ 2 ಅಂಕ. ಪರೀಕ್ಷೆ ಬೇಡ ಅಂದ್ರೆ ‘ಫ್ಲಶ್ ಔಟ್’ ಮಾಡಿ 1 ಅಂಕ ಪಡೀಬಹುದು. ಹೊರಗಿನ ಗಾಳಿಯನ್ನು ಒಳಗೆ ನುಗ್ಗಿಸಿ ರಾಸಾಯನಿಕಗಳನ್ನು ತೊಳೆದು ಹಾಕೋದು ಇದರ ಉದ್ದೇಶ.

ಆದರೆ ಲೆಕ್ಕ ನೋಡಿ. ಜನ ಬರುವ ಮೊದಲೇ ಪೂರ್ತಿ ಫ್ಲಶ್ ಔಟ್ ಮುಗಿಸಬೇಕಾದರೆ ಪ್ರತಿ ಚದರ ಅಡಿಗೆ 14,000 ಘನ ಅಡಿ ಹೊರಗಾಳಿ ಬೇಕು. 25,000 ಚದರ ಅಡಿಯ ಒಂದು ಮಹಡಿಗೆ 35 ಕೋಟಿ ಘನ ಅಡಿ. ಚದರ ಅಡಿಗೆ ನಿಮಿಷಕ್ಕೆ 0.3 ಘನ ಅಡಿಯಂತೆ ಗಾಳಿ ಬಿಟ್ಟರೆ ಹಗಲೂ ರಾತ್ರಿ 32 ದಿನ ಏಸಿ ಓಡಬೇಕು. ಆ ಒಂದು ತಿಂಗಳು ಬಾಡಿಗೆ ಇಲ್ಲ, ಕರೆಂಟ್ ಬಿಲ್ ಮಾತ್ರ ಇದೆ. ಜೊತೆಗೆ ಒಳಗಿನ ತೇವಾಂಶ ಶೇ. 60 ಮೀರಬಾರದು ಅನ್ನೋ ಷರತ್ತೂ ಉಂಟು. ಜೂನ್‌ನಿಂದ ಅಕ್ಟೋಬರ್‌ವರೆಗಿನ ಬೆಂಗಳೂರಿನಲ್ಲಿ ಅದು ಸುಲಭದ ಮಾತಲ್ಲ. ಸ್ವಲ್ಪ ಗಾಳಿ ಬಿಟ್ಟು ಜನರನ್ನು ಒಳಗೆ ಸೇರಿಸಿ ಉಳಿದದ್ದನ್ನು ಆಮೇಲೆ ಪೂರೈಸುವ ದಾರಿಯನ್ನೂ ನಿಯಮ ಕೊಟ್ಟಿದೆ. ಅದರರ್ಥ, ತೊಳೆಯುವ ಕೆಲಸ ಅರ್ಧ ಆಗಿರುವಾಗಲೇ ನೀವು ಒಳಗೆ ಕೂತು ಕೋಡ್ ಬರೀತಿರ್ತೀರಿ.

ಸೈಕಲ್ ನಿಲ್ಲಿಸುವ ವ್ಯವಸ್ಥೆ ಮಾಡಿದರೂ 1 ಅಂಕ ಸಿಗುತ್ತೆ. ಸೈಕಲ್ ಸ್ಟ್ಯಾಂಡ್ ಬೇಡ ಅನ್ನೋದಲ್ಲ ನನ್ನ ವಾದ. ತಿಂಗಳ ಬಾಡಿಗೆ ಕಳಕೊಳ್ಳುವ ಒಂದು ಅಂಕ, ಒಂದು ವಾರದಲ್ಲಿ ಕಂಬಿ ಹಾಕಿ ಮುಗಿಸುವ ಒಂದು ಅಂಕ, ಎರಡೂ ಒಂದೇ ತೂಕದ್ದಾದರೆ ಬಿಲ್ಡರ್ ಯಾವುದನ್ನು ಆರಿಸ್ತಾರೆ ಅಂತ ಊಹಿಸೋದು ಕಷ್ಟವಲ್ಲ.

ತೂತು ಎರಡು: ಖಾಲಿ ಕಟ್ಟಡದ ಗಾಳಿ

ಪರೀಕ್ಷೆ ಆಗೋದು ಜನ ಬರೋಕೆ ಮುಂಚೆ. ಕಟ್ಟಡದ ಸಾಮಗ್ರಿಗಳಿಂದ ಏನು ಬರ್ತಿದೆ ಅಂತ ತಿಳಿಯೋಕೆ ಅದು ಸರಿಯಾದ ಸಮಯವೇ. ಆದರೆ ಜನ ತುಂಬಿದ ಮೇಲೆ ಗಾಳಿಯ ಕಥೆಯೇ ಬೇರೆ. ಉಸಿರಿನಿಂದ ಬರುವ ಕಾರ್ಬನ್ ಡೈಆಕ್ಸೈಡ್ ಏರುತ್ತೆ, ಸೆಂಟು ಮತ್ತು ಸ್ಯಾನಿಟೈಸರ್ ಸೇರುತ್ತೆ, ದಿನಕ್ಕೆ ಮೂರು ಸಲ ನೆಲ ಒರೆಸುವ ದ್ರಾವಣದ ಆವಿ ಬರುತ್ತೆ. ಆರು ತಿಂಗಳಿಗೆ ಏಸಿ ಫಿಲ್ಟರ್ ಕಟ್ಟಿಕೊಳ್ಳುತ್ತೆ. ಕರೆಂಟ್ ಬಿಲ್ ಇಳಿಸಿ ಅಂತ ಮೇಲಿಂದ ಇಮೇಲ್ ಬಂದ ದಿನ ಹೊರಗಾಳಿ ಬರುವ ಬಾಗಿಲನ್ನು ಸ್ವಲ್ಪ ಮುಚ್ಚಲಾಗುತ್ತೆ.

ಕಾರ್ಬನ್ ಡೈಆಕ್ಸೈಡ್ ಆ ಮಟ್ಟದಲ್ಲಿ ವಿಷ ಅಂತಲ್ಲ. ಕೋಣೆಗೆ ಸಾಕಷ್ಟು ಹೊಸ ಗಾಳಿ ಬರ್ತಿದೆಯೋ, ಇಲ್ಲಾ ಒಬ್ಬರು ಬಿಟ್ಟ ಉಸಿರನ್ನೇ ಇನ್ನೊಬ್ಬರು ಎಳಕೊಳ್ತಿದ್ದಾರೋ ಅಂತ ತೋರಿಸುವ ಸೂಚಕ ಅದು. ಹಾರ್ವರ್ಡ್‌ನ ಸಂಶೋಧಕರು 24 ಉದ್ಯೋಗಿಗಳನ್ನು ನಿಯಂತ್ರಿತ ಆಫೀಸಿನಲ್ಲಿ ಕೂರಿಸಿ ಗಾಳಿಯನ್ನು ಬದಲಿಸುತ್ತಾ ಯೋಚನಾಶಕ್ತಿಯ ಪರೀಕ್ಷೆ ಮಾಡಿದ್ದರು. ಮಾಮೂಲಿ ಆಫೀಸಿನ ಗಾಳಿಗಿಂತ, ವಿಒಸಿ ಕಡಿಮೆ ಇದ್ದ ದಿನಗಳಲ್ಲಿ ಅಂಕಗಳು ಸರಾಸರಿ ಶೇ. 61ರಷ್ಟು, ಹೊರಗಾಳಿಯನ್ನೂ ಹೆಚ್ಚಿಸಿದ ದಿನಗಳಲ್ಲಿ ಶೇ. 101ರಷ್ಟು ಹೆಚ್ಚು ಬಂದವು. 2016ರಲ್ಲಿ ಪ್ರಕಟವಾದ ಈ ಅಧ್ಯಯನಕ್ಕೆ ಹಣ ಕೊಟ್ಟದ್ದು ಏಸಿ ಉಪಕರಣಗಳನ್ನೂ ತಯಾರಿಸುತ್ತಿದ್ದ ಒಂದು ದೊಡ್ಡ ಕಂಪನಿ, ಭಾಗವಹಿಸಿದವರು ಇಪ್ಪತ್ತನಾಲ್ಕೇ ಮಂದಿ. ಅದಕ್ಕೇ ಈ ಶೇಕಡಾವಾರುಗಳನ್ನು ಬ್ರೋಶರ್‌ನಲ್ಲಿ ಹಾಕಿಕೊಳ್ಳುವಷ್ಟು ನಂಬಬೇಕಿಲ್ಲ. ಆದರೆ ಗಾಳಿಯ ಪರಿಣಾಮ ಶ್ವಾಸಕೋಶಕ್ಕಷ್ಟೇ ನಿಲ್ಲೋದಿಲ್ಲ ಅನ್ನೋದಕ್ಕೆ ಅದು ಒಂದು ಗಂಭೀರ ಸುಳಿವು.

ಇಂಧನ ಉಳಿತಾಯಕ್ಕೂ ಗಾಳಿಗೂ ಇರುವ ಈ ತಿಕ್ಕಾಟ ಹೊಸದಲ್ಲ. 1973ರ ತೈಲ ಬಿಕ್ಕಟ್ಟಿನ ನಂತರ ಅಮೆರಿಕದಲ್ಲಿ ಕಟ್ಟಡಗಳನ್ನು ಬಿಗಿಯಾಗಿ ಮುಚ್ಚಿದರು. 1981ರ ಮಾನದಂಡದಲ್ಲಿ ತಲೆಗೆ ನಿಮಿಷಕ್ಕೆ 5 ಘನ ಅಡಿ ಹೊರಗಾಳಿ ಸಾಕು ಅಂತಾಯ್ತು. ತಲೆನೋವು, ಕಣ್ಣುರಿ, ಗಂಟಲು ಕೆರೆತದ ದೂರುಗಳು ಆಫೀಸುಗಳಿಂದ ಹೆಚ್ಚೆಚ್ಚು ಬಂದವು. ‘ಸಿಕ್ ಬಿಲ್ಡಿಂಗ್ ಸಿಂಡ್ರೋಮ್’ ಅನ್ನೋ ಹೆಸರು ಬಳಕೆಗೆ ಬಂದದ್ದು ಆ ದಶಕದಲ್ಲೇ. 1989ರಲ್ಲಿ ಆ ಕನಿಷ್ಠವನ್ನು 15ಕ್ಕೆ ಏರಿಸಬೇಕಾಯ್ತು. ವಿದ್ಯುತ್ತಿಗೆ 33, ಗಾಳಿಯ ಅಳತೆಗೆ 2 ಅನ್ನೋ ಹಂಚಿಕೆಯನ್ನು ಈ ಇತಿಹಾಸದ ಜೊತೆ ಇಟ್ಟು ನೋಡಬೇಕು.

ತೂತು ಮೂರು: ಫಲಕ ಹೊರಗಿನ ಗೋಡೆಗೆ, ನೀವು ಕೂರೋದು ಒಳಗೆ

ಬೆಂಗಳೂರಿಗೆ ಇದೇ ಅತ್ಯಂತ ಮುಖ್ಯವಾದದ್ದು. ಇಲ್ಲಿನ ಬಹುಪಾಲು ಟೆಕ್ ಪಾರ್ಕ್‌ಗಳು ಬಾಡಿಗೆಗೆ ಕಟ್ಟಿದವು. ಡೆವಲಪರ್ ಕಟ್ಟೋದು ಕಂಬ, ಹೊರಗೋಡೆ, ಗಾಜು, ಲಿಫ್ಟ್, ಮುಖ್ಯ ಏಸಿ ಯಂತ್ರ. ಇದನ್ನು ‘ಕೋರ್ ಆ್ಯಂಡ್ ಶೆಲ್’ ಅಂತಾರೆ. ಒಳಗಿನ ಪಾರ್ಟಿಷನ್, ಫಾಲ್ಸ್ ಸೀಲಿಂಗ್, ಮೇಜು, ಕಪಾಟು, ಕಾರ್ಪೆಟ್ ಎಲ್ಲ ಬಾಡಿಗೆಗೆ ಬರುವ ಕಂಪನಿಯ ಕೆಲಸ.

ಲೀಡ್‌ನಲ್ಲಿ ಕೋರ್ ಆ್ಯಂಡ್ ಶೆಲ್‌ಗೆ ಬೇರೆಯೇ ಅಂಕಪಟ್ಟಿ ಇದೆ. ನಾಲ್ಕನೇ ಆವೃತ್ತಿಯ ಆ ಪಟ್ಟಿಯಲ್ಲಿ ಒಳಾಂಗಣ ಗಾಳಿಯ ಪರೀಕ್ಷೆ ಅನ್ನೋ ಅಂಶವೇ ಇಲ್ಲ. ಅದರಲ್ಲಿ ತಪ್ಪೂ ಇಲ್ಲ, ಪೀಠೋಪಕರಣವೇ ಬಾರದ ಬರಿಯ ಚಿಪ್ಪಿನಲ್ಲಿ ಏನು ಅಂತ ಅಳೆಯೋದು? ಆದರೆ ಪರಿಣಾಮ ಏನಾಯ್ತು ನೋಡಿ. ಶೆಲ್‌ಗೆ ಸಿಕ್ಕ ಪ್ಲಾಟಿನಂ ಫಲಕ ಲಾಬಿಯಲ್ಲಿ ತೂಗುತ್ತೆ. ಏಳನೇ ಮಹಡಿಯ ಆಫೀಸಿಗೆ ಎಂಥ ಪ್ಲೈವುಡ್ ಬಂತು, ಯಾವ ಅಂಟು ಹಚ್ಚಿದರು, ಎಷ್ಟು ಬೇಗ ಜನರನ್ನು ತುಂಬಿದರು ಅನ್ನೋದಕ್ಕೂ ಆ ಫಲಕಕ್ಕೂ ಸಂಬಂಧವೇ ಇಲ್ಲ. ಒಳಾಂಗಣಕ್ಕೆ ಪ್ರತ್ಯೇಕ ಲೀಡ್ ಪ್ರಮಾಣಪತ್ರ ಉಂಟು, ಅದರಲ್ಲಿ ಗಾಳಿಯ ಪರೀಕ್ಷೆಯೂ ಉಂಟು. ಅದನ್ನು ಪಡೆಯೋದು ಬಿಡೋದು ಬಾಡಿಗೆದಾರ ಕಂಪನಿಯ ಇಷ್ಟ.

ನಿಮ್ಮ ಆಫೀಸಿನ ಫಲಕ ಯಾವ ಬಗೆಯದ್ದು ಅಂತ ಇವತ್ತೇ ನೋಡಬಹುದು. ಅಮೆರಿಕದ ಹಸಿರು ಕಟ್ಟಡ ಮಂಡಳಿಯ ಜಾಲತಾಣದ ಪ್ರಾಜೆಕ್ಟ್ ಪಟ್ಟಿಯಲ್ಲಿ ಕಟ್ಟಡದ ಹೆಸರು ಹುಡುಕಿದರೆ, ಮಾಹಿತಿಯನ್ನು ಮಾಲೀಕರು ಗುಟ್ಟಾಗಿ ಇಡದಿದ್ದಲ್ಲಿ, ಯಾವ ವಿಭಾಗ, ಯಾವುದಕ್ಕೆ ಎಷ್ಟು ಅಂಕ ಅಂತ ತೋರಿಸುತ್ತೆ. ಒಳಾಂಗಣ ಪರಿಸರದ ಸಾಲಿಗೆ ಹೋಗಿ, ಗಾಳಿಯ ಪರೀಕ್ಷೆಯ ಎದುರು ಸೊನ್ನೆಯೋ, ಒಂದೋ, ಎರಡೋ, ಅಥವಾ ಆ ಸಾಲೇ ಇಲ್ಲವೋ ನೋಡಿ.

ತೂತು ನಾಲ್ಕು: ಪಾಸಾಗುವವರೆಗೆ ಪರೀಕ್ಷೆ, ಫಲಿತಾಂಶ ಫೈಲಿನಲ್ಲಿ

ಯಾವುದಾದರೂ ಜಾಗದಲ್ಲಿ ಮಿತಿ ಮೀರಿದರೆ ಸರಿಪಡಿಸಿ ಅದೇ ಜಾಗದಲ್ಲಿ ಮತ್ತೆ ಪರೀಕ್ಷಿಸಬೇಕು, ಪಾಸಾಗುವವರೆಗೂ ಹೀಗೆ ಮಾಡಬೇಕು ಅನ್ನುತ್ತೆ ನಿಯಮ. ತತ್ವದಲ್ಲಿ ಒಳ್ಳೆಯದೇ. ಆದರೆ ಪರೀಕ್ಷಕರನ್ನು ಕರೆಸೋರು, ಫೀಸು ಕೊಡೋರು, ವರದಿ ತಗೊಳ್ಳೋರು ಕಟ್ಟಡದವರೇ. ಸಾರ್ವಜನಿಕ ಅಂಕಪಟ್ಟಿಯಲ್ಲಿ ಕಾಣೋದು ‘2’ ಅನ್ನೋ ಅಂಕಿ ಮಾತ್ರ. ಮೊದಲ ಸಲ ಎಷ್ಟು ಬಂದಿತ್ತು, ಯಾವ ಮಹಡಿಯಲ್ಲಿ ಫೇಲಾಗಿತ್ತು, ಏನು ಸರಿಪಡಿಸಿದರು ಅನ್ನೋದು ಅಲ್ಲಿ ಕೆಲಸ ಮಾಡೋರಿಗೆ ತಿಳಿಯೋದೇ ಇಲ್ಲ.

ಬೇರೆ ಮಾದರಿಗಳೂ ಇವೆ. ವೆಲ್ ಅನ್ನೋ ಪ್ರಮಾಣಪತ್ರ ಸ್ಥಳದಲ್ಲೇ ಪರೀಕ್ಷೆ ಕೇಳುತ್ತೆ, ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. ರಿಸೆಟ್ ಅನ್ನೋದು ಸೆನ್ಸರ್‌ಗಳ ಮೂಲಕ ನಿರಂತರ ಅಳತೆ ಬಯಸುತ್ತೆ. ತಂತ್ರಜ್ಞಾನ ಇದೆ, ಮಾದರಿ ಇದೆ. ಅವನ್ನು ಆಯ್ದುಕೊಳ್ಳುವ ಒತ್ತಡ ಮಾತ್ರ ಇಲ್ಲ.

ಲೆಕ್ಕಕ್ಕೇ ಬಾರದ ಶ್ವಾಸಕೋಶಗಳು

ಜನ ಬರುವ ಮುನ್ನ ಪರೀಕ್ಷೆ ಅನ್ನುವಾಗ ‘ಜನ’ ಅಂದ್ರೆ ಯಾರು? ಆ ಮಹಡಿಯಲ್ಲಿ ಅದಾಗಲೇ ಮೂರು ತಿಂಗಳು ಜನ ಇದ್ದರು. ಉತ್ತರ ಪ್ರದೇಶ, ಬಿಹಾರ, ರಾಜಸ್ಥಾನ, ನಮ್ಮದೇ ರಾಯಚೂರು, ಕಲಬುರಗಿಯಿಂದ ಬಂದ ಬಡಗಿಗಳು, ಪೇಂಟರ್‌ಗಳು, ಪಾಲಿಶ್ ಹೊಡೆಯೋರು. ಏಸಿ ಇನ್ನೂ ಚಾಲೂ ಆಗಿರೋದಿಲ್ಲ, ಗಾಜಿನ ಗೋಡೆ ಮುಚ್ಚಿರುತ್ತೆ. ಎಂಡಿಎಫ್ ಕೊಯ್ಯುವ ದೂಳು, ಅಂಟಿನ ಡಬ್ಬಿ, ಥಿನ್ನರ್ ವಾಸನೆಯ ನಡುವೆ ಮೂಗಿಗೆ ಟವೆಲ್ ಕಟ್ಟಿಕೊಂಡು ಹನ್ನೆರಡು ಗಂಟೆ ದುಡೀತಾರೆ. ಎಷ್ಟೋ ಸಲ ಅಲ್ಲೇ ಮಲಗ್ತಾರೆ. ಆ ಗಾಳಿಯ ಅತಿ ಕೆಟ್ಟ ದಿನಗಳನ್ನು ಉಸಿರಾಡಿದವರು ಅವರು. ಕಾಮಗಾರಿ ವೇಳೆಯ ಗಾಳಿ ನಿರ್ವಹಣೆಗೆ ಲೀಡ್‌ನಲ್ಲಿ 1 ಅಂಕ ಉಂಟು. ಅದರ ಹೆಚ್ಚಿನ ಗಮನ ಏಸಿ ನಾಳಗಳಿಗೆ ದೂಳು ಹೋಗದಂತೆ, ಸಾಮಗ್ರಿಗಳು ನೆನೆಯದಂತೆ ಕಾಪಾಡುವುದರ ಮೇಲೆ.

ಆಫೀಸು ತೆರೆದ ಮೇಲೂ ಗಾಳಿ ಎಲ್ಲರಿಗೂ ಒಂದೇ ಅಲ್ಲ. ಕೆಳಗಿನ ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಇಡೀ ಪಾಳಿ ನಿಲ್ಲುವ ಸೆಕ್ಯುರಿಟಿ ಗಾರ್ಡ್ ಉಸಿರಾಡೋದು ವಾಹನಗಳ ಹೊಗೆ. ಶೌಚಾಲಯ ತೊಳೆಯುವ ಹೌಸ್‌ಕೀಪಿಂಗ್ ಅಕ್ಕಂದಿರು ದಿನವಿಡೀ ಕ್ಲೀನಿಂಗ್ ರಾಸಾಯನಿಕಗಳ ಆವಿಯಲ್ಲಿರ್ತಾರೆ. ಸ್ಯಾಂಪಲ್ ಯಂತ್ರ ಇಡುವಾಗ ಸಾಮಾನ್ಯವಾಗಿ ನೆನಪಾಗೋದು ಮೇಜುಗಳ ಸಾಲು. ಗುತ್ತಿಗೆ ಕಾರ್ಮಿಕರು ನಿಲ್ಲುವ ಜಾಗ ನೆನಪಾಗೋದು ಅಪರೂಪ. ಗಾಳಿಯ ಬಗ್ಗೆ ಐಟಿ ನೌಕರರು ಮಾತ್ರ ತಮ್ಮ ಪಾಲಿಗೆ ದನಿ ಎತ್ತಿದರೆ ಈ ಅನ್ಯಾಯ ಹಾಗೇ ಉಳಿಯುತ್ತೆ.

ಕಾನೂನು ಬಾಗಿಲ ಹೊರಗೇ ನಿಂತಿದೆ

ಬೀದಿಯ ಗಾಳಿಗೆ ನಮ್ಮಲ್ಲಿ ಕಾನೂನಿದೆ. 1981ರ ವಾಯು ಕಾಯ್ದೆ, 2009ರ ರಾಷ್ಟ್ರೀಯ ಗಾಳಿ ಗುಣಮಟ್ಟದ ಮಾನದಂಡ, 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ. ಈ ಕಾರ್ಯಕ್ರಮದ ಪಟ್ಟಿಯಲ್ಲಿ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ ಇವೆ. ಪಿಎಂ 2.5ಕ್ಕೆ ನಮ್ಮ ವಾರ್ಷಿಕ ಮಿತಿ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ಹೊರಗಿನ ಮಾನದಂಡವೇ ಸಡಿಲ. ಆಫೀಸು, ಶಾಲೆ, ಮಾಲ್ ಒಳಗಿನ ಗಾಳಿಗಂತೂ ಕಾನೂನಿನ ಬಲವಿರುವ ಅಂಥ ಅಂಕಿಗಳೇ ಇಲ್ಲ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಗಾಳಿಯಾಟದ ನಿಯಮಗಳಿವೆ, ಏಸಿ ಎಂಜಿನಿಯರ್‌ಗಳ ಸಂಘ ಇಶ್ರೇ 2016ರಲ್ಲಿ ಒಳಾಂಗಣ ಪರಿಸರಕ್ಕೆ ತನ್ನದೇ ಮಾನದಂಡ ತಂದಿದೆ. ಅಳೆದು ತೋರಿಸು ಅಂತ ಕಟ್ಟಡದ ಮಾಲೀಕನನ್ನು ಕೇಳುವ ಅಧಿಕಾರ ಅಲ್ಲಿ ದುಡಿಯುವವರಿಗೆ ಇವುಗಳಿಂದ ಸಿಗೋದಿಲ್ಲ.

ಹಳೆಯ ಕಾನೂನು ಕೆಲವೊಮ್ಮೆ ಹೊಸ ಆಫೀಸಿಗಿಂತ ಮುಂದಿತ್ತು. 1948ರ ಕಾರ್ಖಾನೆ ಕಾಯ್ದೆ ಹೊಸ ಕಾರ್ಖಾನೆಗಳಲ್ಲಿ ಕಿಕ್ಕಿರಿದು ಕೂರಿಸಬಾರದು ಅಂತ ಪ್ರತಿ ಕಾರ್ಮಿಕರಿಗೆ 14.2 ಘನ ಮೀಟರ್ ಜಾಗ ನಿಗದಿ ಮಾಡಿತ್ತು. 4 ಮೀಟರ್ ಅಗಲ, 5 ಮೀಟರ್ ಉದ್ದ, 2.7 ಮೀಟರ್ ಎತ್ತರದ ಒಂದು ಮೀಟಿಂಗ್ ರೂಮ್ ಅಂದ್ರೆ 54 ಘನ ಮೀಟರ್. ಆ ಲೆಕ್ಕಕ್ಕೆ ನಾಲ್ಕು ಜನರಿಗೂ ಸಾಲದು. ಮೀಟಿಂಗ್ ರೂಮಿಗೆ ಆ ನಿಯಮ ಅನ್ವಯಿಸುತ್ತಿರಲಿಲ್ಲ ನಿಜ. ಆದರೆ ದುಡಿಯುವ ಜಾಗದಲ್ಲಿ ಗಾಳಿ ಅನ್ನೋದು ಹಕ್ಕು, ಅದಕ್ಕೆ ಒಂದು ಸಂಖ್ಯೆ ಬೇಕು ಅನ್ನೋ ಯೋಚನೆ ಸ್ವಾತಂತ್ರ್ಯ ಬಂದ ಮರುವರ್ಷವೇ ಕಾನೂನಿನಲ್ಲಿತ್ತು.

ಈಗ ಅದರ ಜಾಗದಲ್ಲಿ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಬಂದಿದೆ. 2025ರ ನವೆಂಬರ್ 21ರಿಂದ ಜಾರಿ. ನಾಲ್ಕು ಕಾರ್ಮಿಕ ಸಂಹಿತೆಗಳ ಬಗ್ಗೆ ಕಾರ್ಮಿಕ ಸಂಘಟನೆಗಳಿಗೆ ಗಂಭೀರ ತಕರಾರುಗಳಿವೆ, ಅವು ನ್ಯಾಯವಾದವೇ. ಆದರೂ ಇದರಲ್ಲಿ ಹಿಡಿದು ಎಳೆಯಬಹುದಾದ ಎರಡು ದಾರಗಳಿವೆ. ಒಂದು, ಹತ್ತು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳನ್ನೆಲ್ಲ ಇದು ಒಳಗೊಳ್ಳುತ್ತೆ, ಬರೀ ಕಾರ್ಖಾನೆಗಳನ್ನಲ್ಲ. ಗಾಳಿಯಾಟ, ಉಷ್ಣತೆ, ತೇವಾಂಶ, ದೂಳು ಮತ್ತು ಕೆಟ್ಟ ಅನಿಲಗಳಿಲ್ಲದ ಪರಿಸರದ ಬಗ್ಗೆ ಕೇಂದ್ರ ಸರ್ಕಾರ ನಿಯಮ ಮಾಡಬಹುದು ಅಂತ 23ನೇ ಸೆಕ್ಷನ್ ಹೇಳುತ್ತೆ. ಎರಡು, ಮಾಲೀಕರು ಮತ್ತು ಕಾರ್ಮಿಕರ ಪ್ರತಿನಿಧಿಗಳಿರುವ ಸುರಕ್ಷತಾ ಸಮಿತಿ ರಚಿಸಿ ಅಂತ ಸಂಬಂಧಪಟ್ಟ ಸರ್ಕಾರ ಆದೇಶಿಸಬಹುದು. ಖಾಸಗಿ ಐಟಿ ಕಂಪನಿಗಳ ವಿಷಯದಲ್ಲಿ ಅದು ಬಹುತೇಕ ರಾಜ್ಯ ಸರ್ಕಾರವೇ. ಟೆಕ್ ಪಾರ್ಕ್‌ಗಳಲ್ಲಿ ಇಂಥ ಸಮಿತಿ ಕಡ್ಡಾಯ ಮಾಡಿ, ಗಾಳಿಯ ವರದಿ ಅದರ ಮುಂದೆ ಇಡಿಸೋಕೆ ವಿಧಾನಸೌಧ ದೆಹಲಿಯ ಕಡೆ ನೋಡಬೇಕಿಲ್ಲ.

ಹೊರಗಿನ ಉದಾಹರಣೆಗಳೂ ಇವೆ. ತೈವಾನ್ 2011ರಲ್ಲೇ ಒಳಾಂಗಣ ಗಾಳಿಯ ಗುಣಮಟ್ಟಕ್ಕೆ ಪ್ರತ್ಯೇಕ ಕಾಯ್ದೆ ತಂದಿತು. ದಕ್ಷಿಣ ಕೊರಿಯಾದಲ್ಲೂ ಇಂಥ ಕಾಯ್ದೆ ಇದೆ. ಕೋವಿಡ್‌ನಲ್ಲಿ ಮುಚ್ಚಿದ ಕೋಣೆಯ ಗಾಳಿ ಏನು ಮಾಡಬಲ್ಲದು ಅಂತ ಕಂಡ ಮೇಲೆ ಬೆಲ್ಜಿಯಂ 2022ರಲ್ಲಿ ಸಾರ್ವಜನಿಕ ಜಾಗಗಳ ಒಳಗಾಳಿಗೆ ಕಾನೂನು ಮಾಡಿತು.

‘ಇಷ್ಟಾದರೂ ಇದೆಯಲ್ಲ’ ಅನ್ನೋರಿಗೆ

ಕಟ್ಟಡ ಉದ್ಯಮದವರ ವಾದ ಹೀಗಿರುತ್ತೆ: ಪ್ರಮಾಣಪತ್ರ ಸ್ವಯಂಪ್ರೇರಿತ, ಕಡ್ಡಾಯ ಮಾಡಿದರೆ ಖರ್ಚು ಹೆಚ್ಚುತ್ತೆ, ಫಲಕ ಇಲ್ಲದ ಕಟ್ಟಡಗಳಿಗಿಂತ ಇದೇ ಮೇಲು. ಕೊನೆಯ ಮಾತು ಬಹುಮಟ್ಟಿಗೆ ನಿಜ. ಒಳ್ಳೆಯ ಫಿಲ್ಟರ್, ಕಡಿಮೆ ಆವಿ ಬಿಡುವ ಬಣ್ಣ, ವಿನ್ಯಾಸದಲ್ಲೇ ಹೊರಗಾಳಿಗೆ ಜಾಗ, ಇವೆಲ್ಲ ಈ ಪ್ರಮಾಣಪತ್ರಗಳಿಂದಲೇ ನಮ್ಮ ಗುತ್ತಿಗೆದಾರರ ಮಾತಿನಲ್ಲಿ ಸೇರಿದ್ದು.

ಆದರೆ ‘ಸ್ವಯಂಪ್ರೇರಿತ’ ಅನ್ನೋದು ಪೂರ್ತಿ ನಿಜವಲ್ಲ. ಹಸಿರು ಪ್ರಮಾಣಪತ್ರದ ಹಾದಿ ಹಿಡಿದ ದೊಡ್ಡ ಕಟ್ಟಡಗಳಿಗೆ ಕೇಂದ್ರದ ಪರಿಸರ ಅನುಮತಿಯಲ್ಲಿ ಆದ್ಯತೆ ಸಿಕ್ಕಿದೆ. ಕೆಲವು ರಾಜ್ಯಗಳು ಹೆಚ್ಚುವರಿ ಎಫ್ಎಆರ್ ಕೊಡುತ್ತವೆ, ಅಂದ್ರೆ ಅದೇ ಸೈಟಿನಲ್ಲಿ ಹೆಚ್ಚು ಕಟ್ಟುವ ಅವಕಾಶ. ದೊಡ್ಡ ಕಂಪನಿಗಳು ಜಾಗ ಹಿಡಿಯುವಾಗ ಫಲಕ ಕೇಳುತ್ತವೆ, ಬಾಡಿಗೆಗೂ ಅದು ಅನುಕೂಲ. ಸಾರ್ವಜನಿಕ ರಿಯಾಯಿತಿ ಪಡೆದ ಮೇಲೆ ಫಲಿತಾಂಶವೂ ಸಾರ್ವಜನಿಕವಾಗಿರಬೇಕು. ಇದು ಅತಿಯಾದ ಬೇಡಿಕೆ ಅಲ್ಲ. ಲಿಫ್ಟ್ ಒಳಗೆ ತಪಾಸಣೆಯ ದಿನಾಂಕ ಅಂಟಿಸ್ತಾರೆ. ಹೋಟೆಲ್ ಗೋಡೆಯಲ್ಲಿ ಆಹಾರ ಲೈಸೆನ್ಸ್ ಕಾಣುತ್ತೆ. ಗಾಳಿಯ ವರದಿಗೂ ಒಂದು ಗೋಡೆ ಸಿಗಬಹುದು.

ಹಾಗಾದರೆ ಕೇಳಬೇಕಾದ್ದೇನು?

ಮೊದಲನೆಯದಾಗಿ, ಹಸಿರು ಹೆಸರಿನಲ್ಲಿ ಯಾವುದೇ ಸರ್ಕಾರಿ ರಿಯಾಯಿತಿ ಪಡೆಯುವ ಕಟ್ಟಡಕ್ಕೆ ಗಾಳಿಯ ಪರೀಕ್ಷೆ ಕಡ್ಡಾಯವಾಗಲಿ. ಬಾಡಿಗೆ ಕಟ್ಟಡಗಳಲ್ಲಿ ಒಳಾಂಗಣ ಮುಗಿದ ಮೇಲೆ, ಮೇಜು ಕಪಾಟು ಬಂದ ಮೇಲೆ ಆಗಲಿ. ಎರಡನೆಯದು, ಜನ ತುಂಬಿದ ಮೇಲೆ ವರ್ಷಕ್ಕೆ ಒಮ್ಮೆಯಾದರೂ ಮರುಪರೀಕ್ಷೆ. ಬೇಸ್‌ಮೆಂಟ್, ಹೌಸ್‌ಕೀಪಿಂಗ್ ಕೋಣೆ, ಕ್ಯಾಂಟೀನ್ ಅಡುಗೆಮನೆ ಅದರಲ್ಲಿ ಸೇರಲಿ. ಮೂರನೆಯದು, ಮೊದಲ ಸಲದ ಅಂಕಿಗಳೂ ಸೇರಿ ಪೂರ್ತಿ ವರದಿ ನೌಕರರಿಗೆ ಸಿಗಲಿ. ನಾಲ್ಕನೆಯದು, ಒಳಾಂಗಣ ಕೆಲಸ ಮಾಡುವ ಬಡಗಿ, ಪೇಂಟರ್‌ಗಳಿಗೆ ಗಾಳಿ ಎಳೆಯುವ ಫ್ಯಾನ್, ಸರಿಯಾದ ಮಾಸ್ಕ್ ಕೊಡದ ಗುತ್ತಿಗೆದಾರರಿಗೆ ಬಿಲ್ ಪಾಸಾಗದಿರಲಿ.

ಅಷ್ಟರವರೆಗೆ ಕೈಕಟ್ಟಿ ಕೂರಬೇಕಿಲ್ಲ. ನಾಲ್ಕೈದು ಜನ ಸೇರಿ ಒಂದು ಕಾರ್ಬನ್ ಡೈಆಕ್ಸೈಡ್ ಮೀಟರ್ ಕೊಂಡರೆ ಸಾಕು. ಅವಕೆಂಪು ಬೆಳಕಿನಿಂದ ಅಳೆಯುವ ‘ಎನ್‌ಡಿಐಆರ್’ ಸೆನ್ಸರ್ ಇರೋದನ್ನೇ ತಗೊಳ್ಳಿ. ಅಗ್ಗದ ಕೆಲವು ಯಂತ್ರಗಳು ಬೇರೆ ಆವಿಗಳನ್ನು ಅಳೆದು ಅಂದಾಜಿನ ಅಂಕಿ ತೋರಿಸುತ್ತವೆ. ಹೊರಗಿನ ಗಾಳಿಯಲ್ಲಿ ಅದು ಹತ್ತು ಲಕ್ಷಕ್ಕೆ 420-430 ಭಾಗದ ಆಸುಪಾಸು ಇರುತ್ತೆ. ಮೀಟಿಂಗ್ ರೂಮಿನಲ್ಲಿ 1000 ದಾಟಿ ಏರುತ್ತಲೇ ಹೋದರೆ ಹೊರಗಾಳಿ ಸಾಲ್ತಿಲ್ಲ ಅಂತ ಅರ್ಥ. ದಿನಾಂಕ, ಹೊತ್ತು, ಕೋಣೆ, ಜನರ ಸಂಖ್ಯೆ ಬರೆದಿಟ್ಟುಕೊಂಡು ಎರಡು ವಾರದ ಪಟ್ಟಿಯ ಜೊತೆ ಫೆಸಿಲಿಟಿ ವಿಭಾಗಕ್ಕೆ ಇಮೇಲ್ ಹಾಕಿ. ಫಾರ್ಮಾಲ್ಡಿಹೈಡ್ ತೋರಿಸುವ ಅಗ್ಗದ ಮೀಟರ್‌ಗಳನ್ನು ಮಾತ್ರ ನಂಬಬೇಡಿ, ಸ್ಯಾನಿಟೈಸರ್ ವಾಸನೆಗೂ ಅವು ಕೂಗಿಕೊಳ್ಳುತ್ತವೆ. ಅದಕ್ಕೆ ಪ್ರಯೋಗಾಲಯದ ಪರೀಕ್ಷೆಯೇ ಬೇಕು, ಅದನ್ನು ಮಾಡಿಸಬೇಕಾದ್ದು ಕಂಪನಿ.

ಉತ್ತರವಾಗಿ ಮೇಜಿನ ಮೇಲೆ ಒಂದು ಮನಿಪ್ಲಾಂಟ್ ಕುಂಡ ಬರಬಹುದು. ಗಿಡ ನೋಡೋಕೆ ಚೆಂದ, ಇರಲಿ. ಆದರೆ ಇಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿ 2019ರಲ್ಲಿ ಬಂದ ಒಂದು ವಿಶ್ಲೇಷಣೆಯ ಪ್ರಕಾರ, ಮಾಮೂಲಿ ಗಾಳಿಯಾಟ ಮಾಡುವಷ್ಟು ವಿಒಸಿ ತೆಗೆಯಬೇಕಾದರೆ ಪ್ರತಿ ಚದರ ಮೀಟರ್‌ಗೆ ಹತ್ತರಿಂದ ಸಾವಿರ ಗಿಡ ಬೇಕು. ಅಷ್ಟು ಗಿಡ ಇಟ್ಟರೆ ನಾವು ಕೂರೋಕೆ ಜಾಗ ಇರೋದಿಲ್ಲ. ಹಾಗಾಗಿ ಕುಂಡ ತಗೊಂಡು ಥ್ಯಾಂಕ್ಸ್ ಹೇಳಿ. ಆಮೇಲೆ ಅದೇ ಇಮೇಲ್‌ಗೆ ಇನ್ನೊಂದು ಸಾಲು ಸೇರಿಸಿ ಮತ್ತೆ ಕಳಿಸಿ: ‘ನಮ್ಮ ಮಹಡಿಯ ಗಾಳಿಯನ್ನು ಕೊನೆಯ ಸಲ ಅಳೆದದ್ದು ಯಾವಾಗ? ವರದಿಯ ಪ್ರತಿ ಕೊಡಿ.’